ಎರಡನೇ ಪಂಕ್ತಿ

ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಬರೆದ ಮೇಲೆ ಓದಲು ಕೊಟ್ಟೆ. ಎರಡು ಕಡೆ ಹೊಡೆದುಹಾಕಿಸಿದರು. ಒಂದು ಕಡೆ ಮಾತ್ರ ಬೆರಳಿಟ್ಟು, "ಇದನ್ನು ಬಿಡಬೇಡಿ ಮೇಡಂ" ಎಂದರು. ಹೆಸರು ಬದಲಿಸಿದ್ದೇನೆ, ನೆಂಟಸ್ತಿಕೆಯ ಒಂದೆರಡು ಎಳೆಗಳನ್ನೂ ಬದಲಿಸಿದ್ದೇನೆ. ಊರು ಸಾಗರದ ಕಡೆಯೋ ತೀರ್ಥಹಳ್ಳಿಯ ಕಡೆಯೋ ಎಂಬುದು ಬೇಡ. ಅಡಿಕೆ ತೋಟ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಮಂಗನ ಕಾಟ ಮೂರೂ ಇರುವ ಊರು ಎಂದರೆ ಸಾಕು. ಅವರನ್ನು ವಾಸುದೇವ ಎಂದು ಕರೆಯುತ್ತೇನೆ.

ವಯಸ್ಸು 38. ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದರು. ಕಂಪನಿ ಜನರನ್ನು ಕಡಿಮೆ ಮಾಡಿದಾಗ ಇವರ ಕೆಲಸವೂ ಹೋಯಿತು. ಆರು ತಿಂಗಳು ಅಲ್ಲೇ ಹುಡುಕಾಡಿ, ಕೊನೆಗೆ ಹೆಂಡತಿ ಮಗಳೊಂದಿಗೆ ಅಪ್ಪನ ಮನೆಗೆ ಬಂದು ತೋಟ ನೋಡಿಕೊಳ್ಳತೊಡಗಿದರು. ಎರಡು ಎಕರೆ, ಅದರಲ್ಲಿ ಅರ್ಧಕ್ಕೆ ಎಲೆಚುಕ್ಕೆ ರೋಗ. ಊರಿಗೆ ಮರಳಿದವರನ್ನು ನಮ್ಮ ಕಡೆ ಎರಡು ರೀತಿ ಮಾತನಾಡಿಸುತ್ತಾರೆ. ಕಾರು ತಂದವನಿಗೆ "ಮಣ್ಣಿನ ಸೆಳೆತ ನೋಡಿ" ಎನ್ನುತ್ತಾರೆ. ಕಾರು ಮಾರಿ ಬಂದವನಿಗೆ "ಈಗ ಏನು ಮಾಡಿಕೊಂಡಿದ್ದೀಯಾ?" ಎನ್ನುತ್ತಾರೆ. ಇವರು ಕಾರು ಮಾರಿ ಬಂದಿದ್ದರು.

ನವರಾತ್ರಿ ಕಳೆದ ಮೇಲೆ ಹೆಂಡತಿ ಅವರನ್ನು ಶಿವಮೊಗ್ಗದ ನನ್ನ ಆಪ್ತಸಲಹೆಯ ಕೋಣೆಗೆ ಕರೆತಂದರು. ಆ ತಾಯಿಯ ಮೊದಲ ಮಾತು: "ಇವರು ಐದು ತಿಂಗಳಿಂದ ಯಾರ ಮನೆಯಲ್ಲೂ ಊಟ ಮಾಡಿಲ್ಲ." ಹೊಟ್ಟೆಯ ತೊಂದರೆ ಇರಬಹುದೆಂದು ನಾನು ಪುಸ್ತಕದಲ್ಲಿ 'ಹಸಿವು?' ಎಂದು ಬರೆದುಕೊಂಡೆ. ಹಸಿವಿನ ತೊಂದರೆ ಆಗಿರಲಿಲ್ಲ.

ನಡೆದದ್ದು ಇಷ್ಟು. ವೈಶಾಖದಲ್ಲಿ ದಾಯಾದಿಗಳ ಮನೆಯಲ್ಲಿ ಮದುವೆ. ಅವರ ಕಡೆ ಈಗಲೂ ನೆಲದ ಮೇಲೆ ಎಲೆ ಹಾಕಿ ಪಂಕ್ತಿಯಲ್ಲಿ ಬಡಿಸುತ್ತಾರೆ. ಮೊದಲ ಪಂಕ್ತಿಗೆ ಕೂರುವ ಯೋಚನೆ ವಾಸುದೇವರಿಗೆ ಇರಲಿಲ್ಲ. ಸೋದರಮಾವ ಕೈಹಿಡಿದು, "ಬಾರೋ, ಇಲ್ಲಿ ಜಾಗ ಇದೆ" ಎಂದು ತಮ್ಮಿಂದ ಎರಡು ಎಲೆ ಆಚೆ ಕೂರಿಸಿದರು. ಉಪ್ಪು, ಕೋಸಂಬರಿ, ಪಲ್ಯ ಬಂದವು, ಪಾಯಸ ಬಂದಿತು. ಒಂದು ತುತ್ತು ಪಾಯಸ ಬಾಯಿಗೆ ಹೋಗಿತ್ತು. ಆಗ ದೊಡ್ಡಪ್ಪನ ಮಗ ಯಾರೋ ದೊಡ್ಡ ಮನುಷ್ಯರನ್ನು ಕರೆದುಕೊಂಡು ಒಳಗೆ ಬಂದರು. ಪಂಕ್ತಿ ತುಂಬಿತ್ತು. ಅವರು ಒಮ್ಮೆ ಕಣ್ಣಾಡಿಸಿ, "ವಾಸು, ನೀನು ಏಳು. ನೀನು ಮನೆಯವನೇ ಅಲ್ಲವೇ, ಎರಡನೇ ಪಂಕ್ತಿಗೆ ಕೂತರಾಯಿತು" ಎಂದರು. ವಾಸುದೇವ ಏಳಲೋ ಬೇಡವೋ ಎಂದು ಅರ್ಧ ಎದ್ದು ನಿಂತಾಗ ಇನ್ನೊಂದು ಮಾತು ಬಂತು: "ಇವನಿಗೇನು, ಈಗ ಬೇಕಾದಷ್ಟು ಪುರುಸೊತ್ತು ಇದೆ." ಪಂಕ್ತಿ ನಕ್ಕಿತು. ಬಡಿಸುವವರು ಪಾಯಸ ಬಿದ್ದಿದ್ದ ಎಲೆ ಮಡಚಿ ತೆಗೆದು, ನೀರು ಚಿಮುಕಿಸಿ, ಹೊಸ ಎಲೆ ಹಾಕಿದರು.

'ಮನೆಯವನು' ಎಂಬ ಆ ಶಬ್ದದ ಹತ್ತಿರ ಅವರು ನಾಲ್ಕು ಸಲ ಬಂದು ನಿಂತರು. "ನನಗೆ ಬೈದಿದ್ದರೆ ತಿರುಗಿ ಬೈಯಬಹುದಿತ್ತು ಮೇಡಂ. ಮನೆಯವನು ಎಂದರೆ ಏನೆಂದು ತಿರುಗಿ ಹೇಳಲಿ?" ನೆಂಟಸ್ತಿಕೆಯ ಸಲುಗೆಯನ್ನೇ ಹಗ್ಗ ಮಾಡಿ ಕಟ್ಟುವ ಈ ವಿದ್ಯೆ ನಮ್ಮಲ್ಲಿ ಹಳೆಯದು. ಇನ್ನೊಂದನ್ನೂ ಗಮನಿಸಿದೆ. ಇಷ್ಟೆಲ್ಲ ಹೇಳುವಾಗಲೂ ಅವರು ಆ ಮನುಷ್ಯರನ್ನು 'ಅಣ್ಣ' ಎಂದೇ ಕರೆಯುತ್ತಿದ್ದರು. "ಅಣ್ಣನನ್ನು ಬೀದಿಗೆ ತಂದು ನಿಲ್ಲಿಸುತ್ತೇನೆ" ಎನ್ನುವಾಗಲೂ ಅಣ್ಣನೇ.

ಅಲ್ಲಿಗೆ ಮುಗಿದಿದ್ದರೆ ಅವರು ಬಹುಶಃ ನನ್ನ ಬಳಿ ಬರುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದಾದರೆ ಈ ಪ್ರಸಂಗ ನಾಲ್ಕು ಮನೆಗಳ ಜಗಲಿಯಲ್ಲಿ ಒಂದು ತಿಂಗಳು ಓಡಾಡಿ, ಮಳೆಗಾಲ ಹಿಡಿದ ಮೇಲೆ ಮರೆಯಾಗುತ್ತಿತ್ತು. ಈಗ ಪಂಕ್ತಿಯ ಎದುರು ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತಿದ್ದ. ಅರ್ಧ ಎದ್ದ ಭಂಗಿ, ತೆರೆದ ಬಾಯಿ, ಪಾಯಸ ಮೆತ್ತಿದ ಬೆರಳುಗಳು. ಅದೇ ಸಂಜೆ ಆ ಮುಖ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಟಿಕರ್ ಆಗಿ ಬಂದಿತು. ಕೆಳಗೆ 'ಎರಡನೇ ಪಂಕ್ತಿ' ಎಂಬ ಅಕ್ಷರ. ಒಂದು ವಾರದಲ್ಲಿ ಊರಿನ ಕ್ರಿಕೆಟ್ ತಂಡದ ಗುಂಪಿಗೆ ಹೋಯಿತು. ಯಾರಾದರೂ ತಡವಾಗಿ ಬಂದರೆ ಅದು, ಯಾರಿಗಾದರೂ ಸಾಲ ಮಂಜೂರಾಗದಿದ್ದರೆ ಅದು, ಟೊಮೆಟೊ ಬೆಲೆ ಇಳಿದರೂ ಅದು. ಅವರ ಪರಿಚಯವೇ ಇಲ್ಲದವರೂ ಬಳಸುತ್ತಿದ್ದರು. ಒಮ್ಮೆ ಗೊಬ್ಬರದ ಅಂಗಡಿಯಲ್ಲಿ ಅಪರಿಚಿತ ಹುಡುಗನೊಬ್ಬ ಇವರ ಮುಖವನ್ನೇ ದಿಟ್ಟಿಸಿ, ನಗು ತಡೆಯಲಾರದೆ ಹೊರಗೆ ಹೋದನಂತೆ.

ಕಾನೂನಿನ ದಾರಿ ಇದೆಯೇ ಎಂದು ಅವರು ಮೊದಲೇ ವಿಚಾರಿಸಿದ್ದರು. ನಾನೂ ಪರಿಚಯದ ವಕೀಲರನ್ನು ಕೇಳಿದೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿಯೇ ರದ್ದು ಮಾಡಿದೆ. 66ಇ ಇರುವುದು ಖಾಸಗಿ ಅಂಗಗಳ ಚಿತ್ರದ ವಿಷಯಕ್ಕೆ. ಉಳಿದದ್ದು ಮಾನಹಾನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಚಿತ್ರದ ಮೂಲಕವೂ ಮಾನಹಾನಿ ಆಗಬಹುದು. ಶಿಕ್ಷೆಯಲ್ಲಿ ಈಗ ಸಮುದಾಯ ಸೇವೆಯೂ ಸೇರಿದೆ. "ಕೇಸು ಹಾಕಬಹುದು. ಆದರೆ ಸ್ಟಿಕರ್ ಮಾಡಿದವನಿಗೆ ಹದಿನಾರು ವರ್ಷ, ಸಾಕ್ಷಿ ಹೇಳಬೇಕಾದವರೆಲ್ಲ ಅವರ ನೆಂಟರು" ಎಂದು ವಕೀಲರು ಕನ್ನಡಕ ತೆಗೆದಿಟ್ಟರು. ಪಂಕ್ತಿಯಿಂದ ಎಬ್ಬಿಸಿದ್ದಕ್ಕೆ ಯಾವ ಕಲಮೂ ಇಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪದೆ ಕೇಳುವ ಎರಡು ಪ್ರಶ್ನೆಗಳಿವೆ. ಸಾಯಬೇಕು ಎನ್ನಿಸಿದೆಯೇ? ಯಾರನ್ನಾದರೂ ಕೊಲ್ಲಬೇಕು ಎನ್ನಿಸಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಅನೇಕರಿಗೆ ಇದೆ. ಹಾಗೆ ಆಗುವುದಿಲ್ಲ. ಕೇಳದಿದ್ದರೆ ಇರುವ ಯೋಚನೆ ಒಳಗೇ ಉಳಿಯುತ್ತದೆ, ಅಷ್ಟೆ. ಮೊದಲನೆಯದಕ್ಕೆ ಇಲ್ಲ ಎಂದರು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಕಿಟಕಿ ನೋಡಿದರು. ಮಲೆನಾಡಿನ ಮನೆ ಎಂದ ಮೇಲೆ ಮೂರನೆಯ ಪ್ರಶ್ನೆಯೂ ಇರುತ್ತದೆ: ಮನೆಯಲ್ಲಿ ಕೋವಿ ಇದೆಯೇ? ಇತ್ತು. ಅಪ್ಪನ ಹೆಸರಿನ ಪರವಾನಗಿ. "ಅದು ಮಂಗ ಓಡಿಸುವುದಕ್ಕೂ ಸಾಲದು ಮೇಡಂ" ಎಂದು ನಕ್ಕರು. ನಾನು ನಗಲಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಡುವುದಿಲ್ಲವೇ, ಈಗಲೂ ಠೇವಣಿ ಇಡಿ, ಅಪ್ಪನಿಗೆ ಕಾರಣ ಹೇಳಬೇಕಾಗಿಲ್ಲ ಎಂದೆ. ಹೆಂಡತಿ ಮರುದಿನವೇ ಮಾವನವರನ್ನು ಹೊರಡಿಸಿ ಆ ಕೆಲಸ ಮುಗಿಸಿದರು. ರಾತ್ರಿ ಹೊತ್ತು ಮನಸ್ಸು ಹಿಡಿತ ತಪ್ಪಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಅಂದು ಬೆಳಗ್ಗೆಯಿಂದ ಮೂರು ಪ್ರಕರಣ ನೋಡಿ ದಣಿದಿದ್ದೆ. ಅವರು ಮತ್ತೆ ಪಂಕ್ತಿಯ ಕಥೆಯನ್ನೇ ಮೊದಲಿನಿಂದ ಹೇಳತೊಡಗಿದಾಗ, "ಅವರಿಗೆ ಅಷ್ಟೇ ತಿಳಿವಳಿಕೆ ಎಂದು ನೀವೇ ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡಬಹುದಲ್ಲವೇ?" ಎಂದು ಬಿಟ್ಟೆ. ಅವರು ಮಾತು ನಿಲ್ಲಿಸಿದರು. "ಅಲ್ಲಿ ನೆರೆದ ಹಿರಿಯರೂ ಹೀಗೆಯೇ ಹೇಳಿದರು" ಎಂದು ಎದ್ದರು. ಮೂರು ವಾರ ಬರಲಿಲ್ಲ.

ಆ ಮೂರು ವಾರ ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ದೊಡ್ಡ ಮನಸ್ಸು ಮಾಡು ಎಂಬುದನ್ನು ನಾವು ಯಾವಾಗಲೂ ಹೇಳುವುದು ಸಣ್ಣವನಿಗೆ. ಎಬ್ಬಿಸಿದವರಿಗೆ ಯಾರೂ ದೊಡ್ಡ ಮನಸ್ಸು ಮಾಡಲು ಹೇಳುವುದಿಲ್ಲ. ಕ್ಷಮೆ ಒಳ್ಳೆಯದೇ ಇರಬಹುದು. ಆದರೆ ನೋವು ತಂದವನು ಕೇಳುವ ಮೊದಲೇ ನಡುವಿನವರು ಅದನ್ನು ವಸೂಲು ಮಾಡಲು ಹೊರಟರೆ, ಅದೂ ಒಂದು ಎಬ್ಬಿಸುವಿಕೆಯೇ. ಹೆಂಡತಿಗೆ ಫೋನ್ ಮಾಡಿ, ಅಂದು ಹೇಳಿದ್ದು ನನ್ನ ತಪ್ಪು, ಅದನ್ನು ಅವರ ಎದುರೇ ಹೇಳುವುದಕ್ಕಾದರೂ ಒಮ್ಮೆ ಬರಲಿ ಎಂದೆ. ಬಂದರು. ಹೇಳಿದೆ. ಅವರು ಏನೂ ಅನ್ನಲಿಲ್ಲ. ಚೀಲದಿಂದ ಒಂದು ಕಡತ ತೆಗೆದು ಮೇಜಿನ ಮೇಲೆ ಇಟ್ಟರು.

ನೂರನಲವತ್ತು ಪುಟ. ಹನ್ನೆರಡು ವರ್ಷ ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದವರ ಕೈಕೆಲಸ ಅದು. ಅಣ್ಣನ ಹೆಸರಿನ ಪಹಣಿಗಳು, ಸರ್ವೆ ನಕ್ಷೆ, ಮಾಹಿತಿ ಹಕ್ಕಿನಲ್ಲಿ ಪಡೆದ ಪ್ರತಿಗಳು, ಅರಣ್ಯದ ಗಡಿಕಲ್ಲಿನ ಫೋಟೋಗಳು. ಅಣ್ಣನ ತೋಟದ ಮೇಲ್ಭಾಗದ ಮೂರೂವರೆ ಎಕರೆ ಒತ್ತುವರಿ ಎಂಬುದು ಅದರ ಸಾರ. ಕೊನೆಯಲ್ಲಿ ಅರಣ್ಯ ಇಲಾಖೆಗೆ ಬರೆದ ದೂರು. ಕರ್ನಾಟಕ ಅರಣ್ಯ ಕಾಯ್ದೆ 1963ರ 64ಎ ಪ್ರಕಾರ ತೆರವುಗೊಳಿಸಬೇಕೆಂಬ ಕೋರಿಕೆ, ಪತ್ರಿಕೆಗಳಿಗೆ ಪ್ರತಿ. ಕೆಳಗೆ ಸಹಿ ಮಾಡುವ ಜಾಗದಲ್ಲಿ 'ನೊಂದ ನಾಗರಿಕ'. ನಮ್ಮಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ: ಮೂಗರ್ಜಿ.

ಕಳಿಸುವ ದಿನವೂ ಗೊತ್ತಾಗಿತ್ತು. ಮಾರ್ಗಶಿರದಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ಬೀಗರು ಮನೆಯಲ್ಲಿ ಕೂತಿರುವಾಗ ಜೀಪು ಅಂಗಳಕ್ಕೆ ಬರಬೇಕು. "ಅವರೂ ಎಲೆಯ ಮುಂದಿನಿಂದ ಏಳಬೇಕು ಮೇಡಂ." ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗಲೆಲ್ಲ ಈ ದೃಶ್ಯವನ್ನೇ ನೋಡುತ್ತಾ ಮಲಗುತ್ತಿದ್ದರಂತೆ. ಸೇಡಿನ ಕನಸು ಜೋಗುಳದ ಹಾಗೆ ಕೆಲಸ ಮಾಡುವುದನ್ನು ನಾನು ಹಿಂದೆಯೂ ಕಂಡಿದ್ದೇನೆ. ನಿದ್ದೆ ಬರಿಸುತ್ತದೆ, ಆದರೆ ಪ್ರತಿ ರಾತ್ರಿ ಒಂದು ಚಮಚ ಹೆಚ್ಚು ಬೇಕಾಗುತ್ತದೆ.

ಒತ್ತುವರಿಯನ್ನು ಮುಚ್ಚಿಡಿ ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ಎರಡು ಪ್ರಶ್ನೆ ಕೇಳಿದೆ. ಈ ದೂರನ್ನು ನಿಮ್ಮ ಹೆಸರು, ವಿಳಾಸ ಹಾಕಿ ಕಳಿಸುತ್ತೀರಾ? ನಿಶ್ಚಿತಾರ್ಥದ ದಿನ ಬಿಟ್ಟು ವರ್ಷದ ಬೇರೆ ಯಾವ ದಿನವಾದರೂ ಕಳಿಸುತ್ತೀರಾ? ಕಾಡು ಉಳಿಯಬೇಕೆಂಬ ಕಾಳಜಿ ಇದ್ದರೆ ಮಂಗಳವಾರವೂ ಆಗುತ್ತದೆ, ನಿಮ್ಮ ಸಹಿಯೂ ಆಗುತ್ತದೆ. ಎರಡಕ್ಕೂ ಹೌದು ಎಂದರೆ ಅಂಚೆಗೆ ಹಾಕಿ, ನನಗೆ ಆಕ್ಷೇಪವಿಲ್ಲ. ಅವರು ಉತ್ತರ ಕೊಡಲಿಲ್ಲ, ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ಆಗ ನಕ್ಷೆಯಲ್ಲಿ ಕಂಡದ್ದನ್ನು ತೋರಿಸಿದೆ. ಅಣ್ಣನ ಮೂರೂವರೆ ಎಕರೆ ಇರುವ ಸರ್ವೆ ನಂಬರಿನೊಳಗೆ ಇನ್ನೂ ಹನ್ನೊಂದು ಮನೆಗಳಿದ್ದವು. ಕೆಲವರದು ಬಗರ್ ಹುಕುಂ ಅರ್ಜಿ, ಅಂದರೆ ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿ ಎಂಬ ಕೋರಿಕೆ, ನಮೂನೆ 53 ಒಬ್ಬರದು, 57 ಇನ್ನೊಬ್ಬರದು, ತೀರ್ಮಾನವಾಗದೆ ಬಿದ್ದಿವೆ. ನಾಲ್ಕು ಮನೆ ಶರಾವತಿಯ ಮುಳುಗಡೆಯವರದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಮನೆಮಠ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ಅಂಥ ಅನೇಕ ಕುಟುಂಬಗಳಿಗೆ ಹಕ್ಕುಪತ್ರದ ಗೋಜಲು ಇನ್ನೂ ಬಗೆಹರಿದಿಲ್ಲ ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಳತೆಗೆ ಬಂದವರು ಒಬ್ಬರ ಬೇಲಿಯನ್ನೇ ಅಳೆದು ಹೋಗುತ್ತಾರೆಯೇ? ಅಣ್ಣನಿಗೆ ವಕೀಲರಿದ್ದಾರೆ, ಪರಿಚಯದವರಿದ್ದಾರೆ. "ಈ ಹನ್ನೊಂದು ಮನೆಯವರಲ್ಲಿ ಅವತ್ತು ಮದುವೆಗೆ ಬಂದವರು ಯಾರು?" ಎಂದೆ. ಬಹಳ ಹೊತ್ತಿನ ಮೇಲೆ, "ಯಾರನ್ನೂ ಕರೆದಿರಲಿಲ್ಲ" ಎಂದರು.

ಇಲ್ಲಿ ಒಂದು ಅಡ್ಡಮಾತು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದನ್ನು ನಾವು ಕೊಳಗದ ಅಳತೆಯ ತಕರಾರು ಎಂದು ಓದುತ್ತೇವೆ. ಅಳತೆಯ ಜಗಳವೇ ಹೌದು. ಆದರೆ ಭತ್ತವನ್ನು ಅಳೆಯುವ ಕೊಳಗ ದೊಡ್ಡದಾದಾಗ ಅಳೆಸಿಕೊಳ್ಳುವವನು ಸಣ್ಣವನಾಗುತ್ತಾನೆ, ಆ ಸಿಟ್ಟೂ ಅದರೊಳಗೆ ಇತ್ತು. ಅವರು ಹಗಲು ಹೊತ್ತಿನಲ್ಲಿ, ಮುಖ ತೋರಿಸಿಕೊಂಡು, ಜೈಲಿಗೆ ಹೋದರು. ಅವರಲ್ಲಿ ಮೂಗರ್ಜಿ ಬರೆಯುವ ಅನುಕೂಲ ಎಷ್ಟು ಮಂದಿಗೆ ಇತ್ತೋ, ಅದು ಬೇರೆ ಮಾತು. ಇದನ್ನು ವಾಸುದೇವರಿಗೆ ಹೇಳಲಿಲ್ಲ. ಇತಿಹಾಸ ಹೇಳಿ ನೊಂದವರನ್ನು ನಾಚಿಸುವುದು ಆಪ್ತಸಲಹೆ ಅಲ್ಲ. ನನಗೆ ನೆನಪಾಯಿತು, ಇಲ್ಲಿ ಬರೆದೆ.

ನಾಲ್ಕನೇ ಭೇಟಿಯಲ್ಲಿ ಒಂದು ದೊಡ್ಡ ಹಾಳೆ ಕೊಟ್ಟು, ಅಂದಿನ ಪಂಕ್ತಿಯನ್ನು ಬರೆಯಿರಿ ಎಂದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅವರ ಮಾತಿನಲ್ಲಿ ಅಣ್ಣ ಒಬ್ಬರೇ ಇರುತ್ತಿದ್ದರು, ಮಿಕ್ಕವರೆಲ್ಲ 'ಪಂಕ್ತಿ ನಕ್ಕಿತು' ಎಂಬ ಒಂದು ಕ್ರಿಯಾಪದದಲ್ಲಿ ಮಾಯವಾಗಿದ್ದರು. ಆದರೆ ಮುಚ್ಚಿದ ಕೋಣೆಯಲ್ಲಿ ಅಣ್ಣ ಅದೇ ಮಾತು ಆಡಿದ್ದರೆ ಅದು ಜಗಳವಾಗುತ್ತಿತ್ತು, ಅವಮಾನ ಆಗುತ್ತಿರಲಿಲ್ಲ. ಅವಮಾನಕ್ಕೆ ಮಾಡುವವನು, ಮಾಡಿಸಿಕೊಳ್ಳುವವನು ಇಬ್ಬರು ಸಾಲದು. ನೋಡುವವರು ಬೇಕು.

ಇಪ್ಪತ್ತೆರಡು ಎಲೆ ಬರೆದರು. ಒಂದೊಂದು ಎಲೆಯ ಹಿಂದೆ ಯಾರು ಕೂತಿದ್ದರು ಎಂಬುದು ಅವರಿಗೆ ತಪ್ಪಿಲ್ಲದೆ ನೆನಪಿತ್ತು. ನಕ್ಕವರಿಗೆ ಒಂದು ಗುರುತು, ಎಲೆ ನೋಡುತ್ತಾ ಕೂತವರಿಗೆ ಇನ್ನೊಂದು, ಕಾಣದವರಿಗೆ ಸೊನ್ನೆ. ಆರು ಮಂದಿ ಮಾತ್ರ ನಕ್ಕಿದ್ದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು ಎಂದು ಐದು ತಿಂಗಳು ನಂಬಿದ್ದವರು ಆ ಆರನ್ನು ಎರಡು ಸಲ ಎಣಿಸಿದರು. ಬಳಿಕ ಪೆನ್ಸಿಲ್ ಅವರಿಂದ ಎರಡು ಎಲೆ ಆಚೆ ನಿಂತಿತು. ಸೋದರಮಾವ. ಓದುವಾಗ ಮೂರು ವರ್ಷ ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕಿದವರು, ಅಂದು ಕೈಹಿಡಿದು ಕೂರಿಸಿದವರು. "ಅವರು ತಲೆ ತಗ್ಗಿಸಿ ಅನ್ನ ಕಲೆಸಿಕೊಳ್ಳುತ್ತಲೇ ಇದ್ದರು ಮೇಡಂ. ಅನ್ನ ಇನ್ನೂ ಬಡಿಸಿಯೇ ಇರಲಿಲ್ಲ. ಬರಿಯ ಎಲೆಯ ಮೇಲೆ ಕೈ ಆಡಿಸುತ್ತಿದ್ದರು."

ಅಂದು ಅವರು ಅತ್ತರು. ಅಣ್ಣನ ಬಗ್ಗೆ ಹೇಳುವಾಗ ಒಮ್ಮೆಯೂ ಅತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಅಣ್ಣನನ್ನು ಸದ್ಯಕ್ಕೆ ಬಿಡಿ. ಅವರಿಂದ ಕ್ಷಮೆ ಬರುವ ಲಕ್ಷಣ ಇಲ್ಲ, ಬಂದರೂ "ಅಯ್ಯೋ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡಿದ್ದೀಯಾ?" ಎಂಬ ಎರಡನೇ ಏಟಾಗಿ ಬರುತ್ತದೆ. ಮಾವನ ಮನೆಗೆ ಹೋಗಿ. ನ್ಯಾಯ ಕೇಳಬೇಡಿ, ಅಣ್ಣನ ಮೇಲೆ ದೂರು ಹೇಳಬೇಡಿ. ನೀವು ಕಂಡದ್ದನ್ನು ಹೇಳಿ: ನೀವು ಕೂರಿಸಿದಿರಿ, ನನ್ನನ್ನು ಎಬ್ಬಿಸುವಾಗ ನೀವು ಮಾತನಾಡಲಿಲ್ಲ. ಇಷ್ಟು ಹೇಳಿ ಸುಮ್ಮನಾಗಿ. ಅವರು ಸುಳ್ಳು ಹೇಳಬಹುದು, ಸಿಟ್ಟಾಗಬಹುದು. ಎರಡಕ್ಕೂ ಸಿದ್ಧರಾಗಿ ಹೋಗಿ. ಅಲ್ಲಿಯತನಕ ಕಡತವನ್ನು ಸುಡುವುದು ಬೇಡ, ಹೆಂಡತಿಯ ಕೈಗೆ ಕೊಡಿ. ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ ಮಲಗಲಿ. ಮೂರು ಗಂಟೆಗೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಜಗಲಿಗೆ ಬನ್ನಿ, ನಿದ್ದೆ ಬರುವ ಹಾಗಾದ ಮೇಲೆ ಒಳಗೆ ಹೋಗಿ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರಿಗೆ ಪತ್ರ ಕೊಡುತ್ತೇನೆ ಎಂದಿದ್ದೆ. ಕೊಡಬೇಕಾಯಿತು. ಅವರು ಸ್ವಲ್ಪ ದಿನದ ಮಟ್ಟಿಗೆ ಔಷಧ ಬರೆದರು. ಅದರಿಂದಲೂ ಸಹಾಯವಾಯಿತು. ಮಾತಿನಿಂದಲೇ ಎಲ್ಲ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಮಾವ ಮೊದಲು ಸುಳ್ಳೇ ಹೇಳಿದರು. "ಅವತ್ತು ಕನ್ನಡಕ ತಂದಿರಲಿಲ್ಲ ಮಾರಾಯ, ನನಗೆ ಸರಿಯಾಗಿ ಕಾಣಲಿಲ್ಲ." ವಾಸುದೇವ ವಾದ ಮಾಡಲಿಲ್ಲ. ಕಾಫಿ ಕುಡಿದರು, ಅತ್ತೆಯ ಕಾಲುನೋವು ವಿಚಾರಿಸಿದರು, ಹೊರಟರು. ಮಾವ ಬೇಲಿಯ ಬಾಗಿಲಾದ ದಣಪೆಯ ತನಕ ಹಿಂದೆಯೇ ಬಂದರು. ದಣಪೆಯ ಕೋಲು ಸರಿಸುತ್ತಾ, ಮುಖ ನೋಡದೆ ಹೇಳಿದರಂತೆ: "ಮನೆಯ ಮಾಡು ರಿಪೇರಿ ಮಾಡಿಸುವಾಗ ಅವನ ಹತ್ತಿರ ಎರಡು ಲಕ್ಷ ತಂದಿದ್ದೇನೆ ವಾಸು. ಇವತ್ತಿನವರೆಗೆ ಬಡ್ಡಿ ಕೇಳಿಲ್ಲ ಅವನು."

'ಬಿಡಬೇಡಿ' ಎಂದು ಬೆರಳಿಟ್ಟದ್ದು ಈ ಮಾತಿನ ಮೇಲೆ.

ಮುಂದಿನ ಭೇಟಿಗೆ ಬರುವಾಗ ಅವರು ಆ ಹಾಳೆಯನ್ನು ಮನೆಯಿಂದ ತಂದಿದ್ದರು. ಪರೀಕ್ಷಕರ ಬುದ್ಧಿ, ಎಲೆಗಳ ಪಕ್ಕದಲ್ಲಿ ಹೊಸ ಸಾಲು ಎಳೆದಿದ್ದರು. ಒಬ್ಬರಿಗೆ ಅಣ್ಣನಿಂದ ಕೈಸಾಲ, ಒಬ್ಬರ ಮಗನಿಗೆ ಅಣ್ಣನ ಮಾತಿನಿಂದ ಕೆಲಸ, ಇನ್ನೊಬ್ಬರ ಅಡಿಕೆಗೆ ಸುಗ್ಗಿಗೆ ಮೊದಲೇ ಮುಂಗಡ. ಇಪ್ಪತ್ತೆರಡರಲ್ಲಿ ಹದಿನಾಲ್ಕು ಎಲೆಗಳ ಪಕ್ಕ ಏನಾದರೂ ಒಂದು ಇತ್ತು. ಅಣ್ಣ ಯಾರನ್ನೂ ಬೆದರಿಸಿರಲಿಲ್ಲ. ಬೆದರಿಸುವ ಅಗತ್ಯವೇ ಇರಲಿಲ್ಲ. ಅಧಿಕಾರವೆಂದರೆ ಕುರ್ಚಿ, ಜೀಪು, ಪೊಲೀಸು ಎಂದುಕೊಂಡವರಿಗೆ ಈ ಹಾಳೆಯನ್ನು ತೋರಿಸಬೇಕು. "ಹಾಗಾದರೆ ಅವರೆಲ್ಲರನ್ನೂ ಕ್ಷಮಿಸಬೇಕೇ?" ಎಂದು ಕೇಳಿದರು. ಈ ಸಲ ನನಗೆ ಎಚ್ಚರವಿತ್ತು. ಏಕೆ ಸುಮ್ಮನಿದ್ದರು ಎಂಬುದು ತಿಳಿಯುವುದೇ ಬೇರೆ, ಸುಮ್ಮನಿದ್ದದ್ದು ಸರಿ ಎನ್ನುವುದೇ ಬೇರೆ, ಎರಡನ್ನೂ ಒಟ್ಟಿಗೆ ಮಾಡಬೇಕಾಗಿಲ್ಲ ಎಂದೆ.

ಸ್ಟಿಕರ್ ವಿಷಯ ಇನ್ನೊಂದು ದಾರಿ ಹಿಡಿಯಿತು. ಕುಟುಂಬದ ಗುಂಪಿನ ಅಡ್ಮಿನ್ ಅವರ ಚಿಕ್ಕಪ್ಪನ ಮಗಳು. ಅವಳಿಗೆ ಒಂದು ಸಾಲು ಬರೆದರು: "ಇದು ನನ್ನ ಮುಖ, ನನಗೆ ನೋವಾಗಿದೆ, ಗುಂಪಿನಲ್ಲಿ ಇದು ಬೇಡ." ಅವಳು ಅದೇ ದಿನ ಎಲ್ಲರಿಗೂ ಹೇಳಿದಳು. ಮೂವರು ಅಳಿಸಿದರು, ಒಬ್ಬರು 'ತಮಾಷೆಯನ್ನೂ ಸಹಿಸದ ಕಾಲ' ಎಂದು ಬರೆದರು, ಮಿಕ್ಕವರು ಮಾತನಾಡಲಿಲ್ಲ. ಸ್ಟಿಕರ್ ಮಾಡಿದ ಹುಡುಗನನ್ನು ಅವನ ತಾಯಿಯೇ ಕರೆತಂದು ನಿಲ್ಲಿಸಿದರು. ಅವನು ತಪ್ಪಾಯಿತು ಎಂದ. ಆಮೇಲೆ, ಕುಹಕವೇನೂ ಇಲ್ಲದೆ, "ಆದರೆ ಮಾವ, ಇದನ್ನು ಮಾಡುವುದು ಹೇಗೆಂದು ತೋರಿಸಿಕೊಟ್ಟಿದ್ದು ನೀವೇ ಅಲ್ಲವೇ?" ಎಂದ.

ನಿಜವಾಗಿತ್ತು. ಎರಡು ವರ್ಷದ ಹಿಂದೆ ಹಬ್ಬಕ್ಕೆ ಬಂದಿದ್ದಾಗ, ಮನೆಯ ಅಂಗಳದಲ್ಲಿ ಕುಡಿದು ಮಲಗಿದ್ದ ಕೊನೆಗೌಡರ (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಫೋಟೋ ತೆಗೆದು, ಅದರ ಮೇಲೆ 'ವರ್ಕ್ ಫ್ರಂ ಹೋಮ್' ಎಂದು ಬರೆದು, ಗುಂಪಿನ ಮೊದಲ ಸ್ಟಿಕರ್ ಮಾಡಿದ್ದವರು ವಾಸುದೇವ. ಹುಡುಗ ಪಕ್ಕದಲ್ಲಿ ಕೂತು ಕಲಿತಿದ್ದ. ಅದು ಇನ್ನೂ ಅವರ ಮೊಬೈಲಿನಲ್ಲೇ ಇತ್ತು. ಅದನ್ನು ಎಷ್ಟು ಸಲ ಬಳಸಿದ್ದರೋ ಲೆಕ್ಕವಿಲ್ಲ.

ಈ ಸಂಗತಿ ಹೇಳಿ ಅವರು ನನ್ನ ತೀರ್ಪಿಗೆ ಕಾದ ಹಾಗೆ ಕೂತರು. ಈಗಲೇ ಹೋಗಿ ಕೊನೆಗೌಡರ ಕ್ಷಮೆ ಕೇಳಿಬಿಡುತ್ತೇನೆ ಎಂಬ ಆತುರ ಅವರಿಗಿತ್ತು. ನಾನು ತಡೆದೆ. ಅವರಿಗೆ ಆ ಸ್ಟಿಕರ್ ವಿಷಯ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಿಮ್ಮ ಕ್ಷಮೆಯೇ ಅವರಿಗೆ ಹೊಸ ಅವಮಾನವಾಗುತ್ತದೆ. ನಿಮ್ಮ ಹೊರೆ ಇಳಿಸಿಕೊಳ್ಳಲು ಅವರ ತಲೆಯ ಮೇಲೆ ಇಡಬೇಡಿ. ಗೊತ್ತಿದ್ದರೆ, ಅವರು ನಿಮ್ಮ ಮನೆಯ ಕೂಲಿ ಪಡೆಯುವವರು, ನಿಮ್ಮ ಎದುರು ಪರವಾಗಿಲ್ಲ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಅವರಿಗೆ ಸಾಧ್ಯವಿಲ್ಲ. ನಿಮ್ಮ ಮಾವನಿಗೆ ಎಷ್ಟು ಬಾಯಿ ಇತ್ತೋ ಇವರಿಗೆ ಅದಕ್ಕಿಂತ ಕಡಿಮೆ. ಆದ್ದರಿಂದ ಮೊದಲು ಅಳಿಸಿ. ಗುಂಪಿನಲ್ಲಿ ಇನ್ನೊಬ್ಬರು ಬಳಸಿದರೆ ಬೇಡ ಎಂದು ಬರೆಯಿರಿ. ನಿಮಗಾಗಿ ಯಾರು ಮಾಡಲಿಲ್ಲವೋ ಅದನ್ನು ಅವರಿಗಾಗಿ ಮಾಡಿ. ಕ್ಷಮೆಯ ಮಾತಿಗೆ ಸಮಯ ಇದೆ.

ಕೊನೆಯ ಎರಡು ಭೇಟಿಗಳನ್ನು ನಾವು ಒಂದು ವಾಕ್ಯಕ್ಕೆ ಖರ್ಚು ಮಾಡಿದೆವು. ಕೋಣೆಯಲ್ಲಿ ಚಾಪೆ ಹಾಸಿ, ಎದುರಿಗೆ ಹಳೆಯ ಪತ್ರಿಕೆಯನ್ನೇ ಎಲೆಯ ಹಾಗೆ ಹರಡಿ, ಅವರನ್ನು ಕೂರಿಸಿದೆ. ನಾನು ಅಣ್ಣನಾದೆ. "ವಾಸು, ಏಳು." ಅವರ ಉತ್ತರ: "ಊಟ ಮುಗಿಸಿ ಏಳುತ್ತೇನೆ ಅಣ್ಣ." ಮೊದಲ ಹತ್ತು ಸಲ ದನಿ ನಡುಗಿತು. ಆಮೇಲೆ ಜೋರಾಯಿತು, ಸಿಟ್ಟು ಬಂತು. ಸಿಟ್ಟೂ ಬೇಡ, ನಡುಕವೂ ಬೇಡ, ಉಪ್ಪು ಬೇಕು ಎನ್ನುವ ದನಿಯಲ್ಲಿ ಹೇಳಿ ಎಂದೆ. ಇಪ್ಪತ್ತು ಸಲ ಆದ ಮೇಲೆ ಆ ದನಿ ಬಂತು. ನನಗೇ ಒಂದು ಕ್ಷಣ ಏನು ಹೇಳಬೇಕೆಂದು ತೋಚಲಿಲ್ಲ. ಊಟಕ್ಕೆ ಹೋಗುವುದನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಟ್ಟುಕೊಂಡೆವು. ಮೊದಲು ಪಕ್ಕದ ಮನೆಯ ಸತ್ಯನಾರಾಯಣ ಪೂಜೆ, ಪರಿಚಯದವರ ಪಕ್ಕದಲ್ಲಿ. ಪಾಯಸ ಗಂಟಲಿಗೆ ಇಳಿಯದಿದ್ದರೆ ಎಲೆಯಲ್ಲೇ ಬಿಡಬಹುದು. ಅಂದು ಬಿಟ್ಟರು.

ನಿಶ್ಚಿತಾರ್ಥದ ದಿನ ಕಡತ ಅಂಚೆಗೆ ಹೋಗಲಿಲ್ಲ. ಅವರೂ ಹೋಗಲಿಲ್ಲ. ಹೆಂಡತಿ ಮಗಳನ್ನು ಕಳಿಸಿದರು. ಕಡತ ಈಗಲೂ ಅಟ್ಟದ ಮೇಲೆ ಇದೆ. ಸುಟ್ಟಿದ್ದೇನೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಒತ್ತುವರಿಯ ಬಗ್ಗೆ ಹೆಸರು ಹಾಕಿ ಬರೆಯಬೇಕೋ ಎಂಬ ಯೋಚನೆ ಆಗಾಗ ಬರುತ್ತದಂತೆ. ಬಂದಾಗ ಆ ಹನ್ನೊಂದು ಮನೆಗಳೂ ಜೊತೆಗೆ ಬರುತ್ತವೆ. ಅಣ್ಣ ಪೇಟೆಯಲ್ಲಿ ಒಮ್ಮೆ ಎದುರಾಗಿ, ಏನೂ ಆಗದವರ ಹಾಗೆ ಹೆಗಲ ಮೇಲೆ ಕೈ ಹಾಕಿ, "ಏನೋ ವಾಸು, ಕಾಣುವುದೇ ಇಲ್ಲವಲ್ಲ" ಎಂದರಂತೆ. ಆ ಕೈಯನ್ನು ತೆಗೆದು, ತೋಟದಲ್ಲಿ ಕೆಲಸವಿದೆ ಎಂದು ಹೊರಟರಂತೆ. ಬಸ್ಸಿನಲ್ಲಿ ಕೂತ ಮೇಲೆ ಬೆವರಿತು ಎಂದರು. ಕ್ರಿಕೆಟ್ ಗುಂಪಿನಲ್ಲಿ ಸ್ಟಿಕರ್ ಇನ್ನೂ ಅಲ್ಲೊಮ್ಮೆ ಇಲ್ಲೊಮ್ಮೆ ತಲೆ ಹಾಕುತ್ತದೆ. ನಿದ್ದೆ ವಾರದಲ್ಲಿ ಐದು ದಿನ ಬರುತ್ತದೆ.

ಈ ಸಲದ ಕೊಯ್ಲಿಗೆ ಅದೇ ಕೊನೆಗೌಡರು ಬಂದಿದ್ದಾರೆ. ಅವರಿಗೆ ಸ್ಟಿಕರ್ ವಿಷಯ ಗೊತ್ತೆಂದು, ಕಾಲೇಜಿಗೆ ಹೋಗುವ ಅವರ ಮಗಳು ಆಗಲೇ ತೋರಿಸಿದ್ದಾಳೆಂದು, ಬೇರೆಯವರ ಬಾಯಿಯಿಂದ ತಿಳಿದುಬಂತು. ಮಧ್ಯಾಹ್ನ ಜಗಲಿಯಲ್ಲಿ ಅವರು ಊಟಕ್ಕೆ ಕೂತಾಗ ವಾಸುದೇವ ತಾವೇ ಬಡಿಸಲು ಹೋದರು. ಅನ್ನ, ಸಾರು, ಪಲ್ಯ ಬಡಿಸಿದರು, ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮಜ್ಜಿಗೆ ಹಾಕುವಾಗ ಕೊನೆಗೌಡರೇ ತಲೆ ಎತ್ತಿ, "ಸಾಕು" ಎಂದರಂತೆ. ಅದು ಮಜ್ಜಿಗೆಗೆ ಹೇಳಿದ್ದೋ ಬೇರೆ ಯಾವುದಕ್ಕೋ ಎಂದು ಅವರು ನನ್ನನ್ನು ಕೇಳಿದರು. ನನಗೂ ಗೊತ್ತಾಗಲಿಲ್ಲ. ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ಮುಂದಿನ ಭೇಟಿ ಎಂದು ಬರೆದುಕೊಂಡಿದ್ದೇನೆ.